5 ವ್ಯಾಟ್‌ನ ಇತಿಹಾಸ: ಮನೆಗೆ, ಜಾಮ್‌ಗೆ ಒಂದು ಪುಟ್ಟ ಗಿಟಾರ್ ಆಂಪ್

ಇವತ್ತಿನ ಕಥೆ ಒಬ್ಬ ಅಕೌಂಟೆಂಟ್‌ನಿಂದ ಶುರುವಾಗುತ್ತೆ. ಬಿ.ಕಾಂ. ಓದಿದವರೆಲ್ಲ ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ, ಇದು ನಮ್ಮವನ ಕಥೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫುಲ್ಲರ್ಟನ್ ಅಂತ ಒಂದು ಊರು. ಸುತ್ತ ಕಿತ್ತಳೆ ತೋಟಗಳು. ಅಲ್ಲಿನ ಜೂನಿಯರ್ ಕಾಲೇಜಿನಲ್ಲಿ ಅಕೌಂಟಿಂಗ್ ಓದಿದ ಒಬ್ಬ ಹುಡುಗ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. 1930ರ ದಶಕ, ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಹೋಯಿತು. ಇನ್ನೊಂದು ಕಡೆ ಸೇರಿದ, ಅದೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ರೇಡಿಯೋ ರಿಪೇರಿ ಅಂಗಡಿ ಹಾಕಿದ. ಹೆಸರು ಲಿಯೋ ಫೆಂಡರ್. ಹೌದು, ಗಿಟಾರ್‌ಗಳ ಮೇಲೆ ನೀವು ನೋಡೋ ಅದೇ ಫೆಂಡರ್. ತಮಾಷೆ ಏನಂದ್ರೆ, ಈ ಮನುಷ್ಯನಿಗೆ ಕೊನೆವರೆಗೂ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ.

ಈ ಕಥೆ ಈಗ ಯಾಕೆ ಅಂದ್ರೆ, ಕೇಳುಗರಿಂದ ನನಗೆ ಪದೇ ಪದೇ ಬರುವ ವಾಯ್ಸ್ ಮೆಸೇಜ್ ಒಂದಿದೆ. "ಬ್ರೋ, ರೂಮಲ್ಲಿ ಪ್ರಾಕ್ಟೀಸ್‌ಗೆ, ಭಾನುವಾರ ಫ್ರೆಂಡ್ಸ್ ಜೊತೆ ಜಾಮ್‌ಗೆ, ಎರಡಕ್ಕೂ ಆಗೋ ಥರ ಒಂದು ಚಿಕ್ಕ ಆಂಪ್ ಹೇಳಿ." ಇದು ಸಣ್ಣ ಪ್ರಶ್ನೆ ಅಲ್ಲ. ಪ್ಲಗ್ ಹಾಕದ ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಕಿವಿ ಹತ್ರ ಸೊಳ್ಳೆ ಗುಂಯ್ ಅಂದಷ್ಟೇ ಶಬ್ದ. ಬೆರಳು ನೋವು ಬಂತು ಅಂತ ಗಿಟಾರ್ ಬಿಟ್ಟವರನ್ನ ನಾನು ನೋಡಿದ್ದೀನಿ. ಆದ್ರೆ ಅದಕ್ಕಿಂತ ಜಾಸ್ತಿ ನೋಡಿದ್ದು, ತಂದ ಆಂಪ್ ಆನ್ ಮಾಡೋಕೇ ಹೆದರಿ ಬಿಟ್ಟವರನ್ನ. ಪಕ್ಕದ ರೂಮಿನವರು ನೈಟ್ ಶಿಫ್ಟ್ ಮುಗಿಸಿ ಮಲಗಿರ್ತಾರೆ, ಮೇಲಿನ ಮಹಡಿಯಲ್ಲಿ ಓನರ್ ಇರ್ತಾರೆ. ಅಂಗಡಿಯವರು "ಇರ್ಲಿ ಸರ್, ಮುಂದಕ್ಕೆ ಬೇಕಾಗುತ್ತೆ" ಅಂತ ಕೊಟ್ಟ ದೊಡ್ಡ ಆಂಪ್ ಮಂಚದ ಪಕ್ಕ ಟೀಪಾಯಿ ಆಗಿರುತ್ತೆ.

ಇವತ್ತು ನಾನು ಒಂದು ಮಾಡೆಲ್ ಹೆಸರು ಹೇಳಿದ್ರೆ ಎರಡು ವರ್ಷದಲ್ಲಿ ಅದು ಹಳೇದಾಗುತ್ತೆ. ಚಿಕ್ಕ ಆಂಪ್‌ಗಳು ಹೇಗೆ ಹುಟ್ಟಿದವು ಅನ್ನೋದು ಗೊತ್ತಾದ್ರೆ ನೀವೇ ಆರಿಸ್ಕೋತೀರಿ. ಯಾಕಂದ್ರೆ ಪ್ರತಿ ಚಿಕ್ಕ ಆಂಪ್ ಕೂಡ ಒಂದೊಂದು ಜಾಗಕ್ಕೆ ಉತ್ತರವಾಗಿ ಹುಟ್ಟಿದೆ: ಮನೆಯ ಹಜಾರ, ರಸ್ತೆ ಬದಿ, ಸ್ಟುಡಿಯೋ, ಹೆಡ್‌ಫೋನ್.

ಮೊದಲು ಹಜಾರ. 20ನೇ ಶತಮಾನದ ಆರಂಭದಲ್ಲಿ ಅಮೆರಿಕಕ್ಕೆ ಹವಾಯಿಯನ್ ಗಿಟಾರ್‌ನ ಹುಚ್ಚು ಹಿಡಿದಿತ್ತು. ವಿಶ್ವಮೋಹನ ಭಟ್ಟರು ಮೋಹನ ವೀಣೆ ನುಡಿಸೋದನ್ನ ನೋಡಿದ್ದೀರಲ್ಲ, ಹಾಗೆ ತೊಡೆ ಮೇಲೆ ಮಲಗಿಸಿ ತಂತಿ ಮೇಲೆ ಲೋಹದ ತುಂಡು ಜಾರಿಸೋದು. ವ್ಯಾಪಾರದಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ಈ ಜಾತಿಯದೇ. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕೆನ್‌ಬ್ಯಾಕರ್ 1932ರಲ್ಲಿ ಮಾರಾಟಕ್ಕೆ ತಂದ 'ಫ್ರೈಯಿಂಗ್ ಪ್ಯಾನ್'. ನೋಡೋಕೆ ಬಾಣಲೆ ಥರ ಇದ್ದದ್ದಕ್ಕೆ ಆ ಹೆಸರು. ಇಂಥ ಗಿಟಾರ್ ತಗೊಂಡವರಿಗೆ ಜೊತೆಗೆ ಒಂದು ಆಂಪ್ ಬೇಕೇ ಬೇಕು. ಆಗಿನ ಆಂಪ್ ಅಂದ್ರೆ ಹೆಚ್ಚು ಕಡಿಮೆ ವಾಲ್ವ್ ರೇಡಿಯೋನೇ, ಸ್ಟೇಷನ್ ಹಿಡಿಯೋ ಭಾಗ ಬಿಟ್ಟು.

ರೇಡಿಯೋ ರಿಪೇರಿಯ ಫೆಂಡರ್‌ಗೆ ಈ ಲೆಕ್ಕ ಹೊಳೆಯಿತು. 1948ರಲ್ಲಿ ಕಲಿಯುವವರಿಗೆಂದೇ 'ಚಾಂಪಿಯನ್ 800', ಮರು ವರ್ಷ 'ಚಾಂಪಿಯನ್ 600' ಬಂತು. ಮುಂದೆ ಇದೇ ಸಾಲು 'ಚಾಂಪ್' ಅಂತ ಹೆಸರಾಯಿತು. ಪವರ್ ವಾಲ್ವ್ ಒಂದೇ, ನಾಬ್ ಕೂಡ ಒಂದೇ, ವಾಲ್ಯೂಮ್‌ದು. ಶಕ್ತಿ ಹೆಚ್ಚೆಂದರೆ 5 ವ್ಯಾಟ್ ಆಸುಪಾಸು. ಪಾಠಕ್ಕೆ ಹೋಗುವ ಮಕ್ಕಳಿಗೆ, ಮನೆಯಲ್ಲಿ ನುಡಿಸೋಕೆ. ಅಷ್ಟೇ ಉದ್ದೇಶ.

ಆದ್ರೆ ವಾಲ್ವ್‌ಗೆ ಒಂದು ಗುಣ ಇದೆ. ಅದರ ಶಕ್ತಿ ಮೀರಿ ಕೆಲಸ ಕೊಟ್ರೆ ಶಬ್ದ ಒಡೆಯೋಕೆ ಶುರುವಾಗುತ್ತೆ, ಸ್ವಲ್ಪ ಕರಕಲಾಗುತ್ತೆ. ನಾವು ಡಿಸ್ಟಾರ್ಷನ್ ಅಂತೀವಲ್ಲ, ಅದೇ. 100 ವ್ಯಾಟ್ ಆಂಪ್‌ನಲ್ಲಿ ಈ ಹಂತ ಮುಟ್ಟೋಕೆ ಬೀದಿಯೇ ಎದ್ದು ಕೂರುವಷ್ಟು ಜೋರು ಮಾಡಬೇಕು. 5 ವ್ಯಾಟ್‌ನದು ಅಷ್ಟೆಲ್ಲ ಜೋರಿಲ್ಲದೆ ಅಲ್ಲಿಗೆ ಬರುತ್ತೆ. ಸ್ಟುಡಿಯೋದಲ್ಲಿ ಹೇಗಿದ್ರೂ ಮೈಕ್ ಸ್ಪೀಕರ್ ಮುಂದೇನೇ ಇರುತ್ತೆ, ಹಾಲ್‌ನ ಕೊನೇ ಸಾಲಿಗೆ ಕೇಳಿಸೋ ಅಗತ್ಯ ಇಲ್ಲ. ಹಾಗಾಗಿ 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ 'ಲೈಲಾ' ಆಲ್ಬಂ ರೆಕಾರ್ಡ್ ಮಾಡುವಾಗ ಎರಿಕ್ ಕ್ಲ್ಯಾಪ್ಟನ್ ನೆಚ್ಚಿಕೊಂಡಿದ್ದು ಈ ಚಾಂಪ್ ಅನ್ನು. ಆ ಗಿಟಾರ್ ಕೇಳಿ ದೊಡ್ಡ ದೊಡ್ಡ ಆಂಪ್ ಕೊಂಡವರು ಎಷ್ಟು ಜನವೋ! ಅದು ಹುಟ್ಟಿದ್ದು ಮಕ್ಕಳ ಪೆಟ್ಟಿಗೆಯಲ್ಲಿ.

ಅದಕ್ಕೂ ಆರು ವರ್ಷ ಮೊದಲು, ಲಂಡನ್‌ನಲ್ಲಿ ಡೇವ್ ಡೇವಿಸ್ ಅನ್ನೋ 17 ವರ್ಷದ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಅವನ ಹತ್ರ ಇದ್ದದ್ದು 'ಎಲ್ಪಿಕೋ' ಅನ್ನೋ ಪುಟ್ಟ ಅಗ್ಗದ ಆಂಪ್. ಅದರ ಸ್ಪೀಕರ್‌ನ ಕಾಗದವನ್ನು ಬ್ಲೇಡ್‌ನಿಂದ ಕೊಯ್ದ. ಹರಿದ ಕಾಗದ ಗರಗರ ಅಂತ ನಡುಗಿ ಹುಟ್ಟಿದ ಒರಟು ಶಬ್ದ 1964ರ 'ಯು ರಿಯಲಿ ಗಾಟ್ ಮಿ' ಹಾಡಿನಲ್ಲಿದೆ. ಆ ಹಾಡು ಬ್ರಿಟನ್‌ನಲ್ಲಿ ನಂಬರ್ ಒನ್ ಆಯಿತು. (ನಿಮ್ಮ ಆಂಪ್‌ಗೆ ಬ್ಲೇಡ್ ಹಾಕಬೇಡಿ. ಈಗ ಅದಕ್ಕೆ ಪೆಡಲ್ ಇದೆ.)

ಹಾಗಾದ್ರೆ ಆಳೆತ್ತರದ ಆಂಪ್‌ಗಳು ಬಂದಿದ್ದು ಯಾಕೆ? ಶೋಕಿಗಲ್ಲ. 1960ರ ದಶಕದಲ್ಲಿ ಕನ್ಸರ್ಟ್‌ಗಳು ದೊಡ್ಡದಾದವು, ಇವತ್ತಿನಂಥ ಸೌಂಡ್ ಸಿಸ್ಟಮ್ ಇರಲಿಲ್ಲ. ಗಿಟಾರ್ ಶಬ್ದ ಜನಕ್ಕೆ ತಲುಪಬೇಕಾದ್ರೆ ಆಂಪೇ ತಲುಪಿಸಬೇಕಿತ್ತು. 1965ರ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ನುಡಿಸಿದಾಗ ಸುಮಾರು 55,000 ಜನ. ಅವರಿಗೆಂದೇ ವಾಕ್ಸ್ ಕಂಪನಿ ಮಾಡಿದ್ದ 100 ವ್ಯಾಟ್ ಆಂಪ್‌ಗಳಿದ್ರೂ ಅಭಿಮಾನಿಗಳ ಕಿರುಚಾಟದ ಮುಂದೆ ಏನೂ ಕೇಳಿಸಲಿಲ್ಲ. ಅದೇ ಹೊತ್ತಿಗೆ ಲಂಡನ್‌ನ ಜಿಮ್ ಮಾರ್ಷಲ್, 'ದಿ ಹೂ' ತಂಡದವರು ಇನ್ನೂ ಜೋರು ಬೇಕು ಅಂತ ಕೇಳಿದ್ದಕ್ಕೆ, ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿದ 100 ವ್ಯಾಟ್ ಸ್ಟ್ಯಾಕ್ ಮಾಡಿಕೊಟ್ಟರು. ಇವತ್ತು ಆ ಕೆಲಸ ಸೌಂಡ್ ಎಂಜಿನಿಯರ್‌ದು. ಕಾರಣ ಹೋಯಿತು, ಆದ್ರೆ "ಹೆಚ್ಚು ವ್ಯಾಟ್ ಅಂದ್ರೆ ಒಳ್ಳೇ ಆಂಪ್" ಅನ್ನೋ ನಂಬಿಕೆ ಅಂಗಡಿಗಳಲ್ಲಿ ಉಳ್ಕೊಂಡಿದೆ.

ಇಲ್ಲಿ ಒಂದು ಲೆಕ್ಕ ಹೇಳ್ತೀನಿ. 5 ವ್ಯಾಟ್‌ಗಿಂತ 50 ವ್ಯಾಟ್ ಹತ್ತು ಪಟ್ಟು ಜೋರು ಅಂತ ನಾವು ಅಂದ್ಕೋತೀವಿ. ಅಲ್ಲ. ಸ್ಪೀಕರ್ ಅದೇ ಇದ್ದು ಶಕ್ತಿ ಹತ್ತು ಪಟ್ಟಾದ್ರೆ ಏರೋದು 10 ಡೆಸಿಬಲ್. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನ್ಸುತ್ತೆ, ಅಷ್ಟೇ. 10ರಿಂದ 20 ವ್ಯಾಟ್‌ಗೆ ಹೋದ್ರೆ ಏರೋದು ಬರೀ 3 ಡೆಸಿಬಲ್. ಪಿಯುಸಿ ಎಕನಾಮಿಕ್ಸ್‌ನಲ್ಲಿ ಓದಿದ್ದೀವಲ್ಲ, ಮೊದಲ ದೋಸೆ ಕೊಟ್ಟ ಸುಖ ನಾಲ್ಕನೇ ದೋಸೆ ಕೊಡಲ್ಲ ಅಂತ. ವ್ಯಾಟ್ ಕೂಡ ಹಾಗೇನೇ. ನೀವು ದುಡ್ಡು ಕೊಡ್ತಿರೋದು ನಾಲ್ಕನೇ ದೋಸೆಗಾ ಅಂತ ಕೇಳ್ಕೊಳ್ಳಿ.

ಈಗ ರಸ್ತೆ ಬದಿಗೆ ಬರೋಣ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳನ್ನ ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಕೆಲಸ ಹುಡುಕಿ ಬಂದ ಕಾಲ. ಮಡ್ಡಿ ವಾಟರ್ಸ್ ಶಿಕಾಗೋಗೆ ಬಂದದ್ದು 1943ರಲ್ಲಿ. ಅಲ್ಲಿನ ಗದ್ದಲದ ಕ್ಲಬ್‌ಗಳಲ್ಲಿ ಮರದ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲೆಕ್ಟ್ರಿಕ್ ಹಿಡಿಯಲೇಬೇಕಾಯಿತು. ಅದೇ ನಗರದ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನಲ್ಲಿ ಭಾನುವಾರದ ಸಂತೆ. ಬ್ಲೂಸ್ ಕಲಾವಿದರು ರಸ್ತೆ ಬದಿಯ ಮನೆ, ಅಂಗಡಿಯವರಿಗೆ ಒಂದಿಷ್ಟು ದುಡ್ಡು ಕೊಟ್ಟು ಕಿಟಕಿಯಿಂದ ವೈರ್ ಎಳ್ಕೊಂಡು ಆಂಪ್ ಹಚ್ಚಿ ನುಡಿಸ್ತಿದ್ರು. 1964ರಲ್ಲಿ ಮೈಕ್ ಶೇ ಅಲ್ಲಿ ಚಿತ್ರೀಕರಿಸಿದ 'ಆ್ಯಂಡ್ ದಿಸ್ ಈಸ್ ಫ್ರೀ' ಸಾಕ್ಷ್ಯಚಿತ್ರದಲ್ಲಿ ಆ ಸಂತೆಯನ್ನ ನೋಡಬಹುದು. ಒಂದು ವೈರ್ ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಮಾತ್ರ ಅವರ ವೇದಿಕೆ.

ಆ ವೈರ್ ಕತ್ತರಿಸಿದ್ದು ಟ್ರಾನ್ಸಿಸ್ಟರ್. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಪುಟ್ಟ ವಸ್ತುವಿಗೆ ವಾಲ್ವ್ ಥರ ಬಿಸಿಯಾಗೋದು ಬೇಕಿಲ್ಲ, ಬ್ಯಾಟರಿ ಸಾಕು. 1973ರಲ್ಲಿ 'ಪಿಗ್‌ನೋಸ್' ಬಂತು. 5 ವ್ಯಾಟ್, 5 ಇಂಚಿನ ಸ್ಪೀಕರ್, 6 ಪೆನ್ಸಿಲ್ ಸೆಲ್. ವಾಲ್ಯೂಮ್ ನಾಬ್ ಹಂದಿ ಮೂತಿ ಥರ ಇರೋದ್ರಿಂದ ಆ ಹೆಸರು. ಪೆಟ್ಟಿಗೆ ಮುಚ್ಚಳ ಎಷ್ಟು ತೆರೀತೀರೋ ಅದರ ಮೇಲೆ ಶಬ್ದ ಬದಲಾಗುತ್ತೆ. ಇದನ್ನ ರೂಪಿಸಿದವರಲ್ಲಿ ಒಬ್ಬರು ರಿಚರ್ಡ್ ಎಡ್ಲಂಡ್. ಆಮೇಲೆ 'ಸ್ಟಾರ್ ವಾರ್ಸ್' ಚಿತ್ರದ ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಗೆದ್ದವರಲ್ಲೂ ಇವರು ಒಬ್ಬರು! ನಂತರ ರೋಲ್ಯಾಂಡ್ ಕಂಪನಿ 'ಮೈಕ್ರೋ ಕ್ಯೂಬ್' ತಂದಿತು: 2 ವ್ಯಾಟ್, 5 ಇಂಚು, ಅದೇ 6 ಸೆಲ್. ರಸ್ತೆ ಬದಿ ಹಾಡೋರಿಗೆಂದೇ 'ಕ್ಯೂಬ್ ಸ್ಟ್ರೀಟ್' ಬಂತು, ಅದರಲ್ಲಿ ಗಿಟಾರ್ ಜೊತೆ ಮೈಕ್ ಕೂಡ ಚುಚ್ಚಬಹುದು.

ಕೊನೆಯ ಜಾಗ ಹೆಡ್‌ಫೋನ್. ಬಾಸ್ಟನ್ ತಂಡದ ಟಾಮ್ ಶೋಲ್ಜ್ ಎಂಐಟಿಯಲ್ಲಿ ಓದಿದ ಎಂಜಿನಿಯರ್, ಪೋಲರಾಯ್ಡ್‌ನಲ್ಲಿ ಕೆಲಸ ಮಾಡಿದವರು. 1982ರಲ್ಲಿ ವಾಕ್‌ಮನ್ ಥರದ 'ರಾಕ್‌ಮನ್' ಅನ್ನೋ ಡಬ್ಬಿ ಮಾಡಿದ್ರು. ಸ್ಪೀಕರೇ ಇಲ್ಲ. ಹೆಡ್‌ಫೋನ್ ಹಾಕಿದ್ರೆ ಸ್ಟುಡಿಯೋ ಸೌಂಡ್ ಕಿವಿಯೊಳಗೆ, ಪಕ್ಕದವರಿಗೆ ಗೊತ್ತೂ ಆಗಲ್ಲ. 2011ರಲ್ಲಿ ಯಮಾಹಾ ಬೇರೆ ದಾರಿ ಹಿಡಿಯಿತು. ಸ್ಟೇಜ್ ಆಂಪ್ ಅನ್ನೇ ಕುಗ್ಗಿಸೋ ಬದಲು, ಸೋಫಾ ಪಕ್ಕ ಮೆಲ್ಲಗೆ ನುಡಿಸೋಕೆಂದೇ ಟಿಎಚ್ಆರ್ ಸರಣಿ ತಂದಿತು. ಮೆಲ್ಲಗೆ ನುಡಿಸಿದಾಗ ಶಬ್ದ ತೆಳ್ಳಗೆ ಅನ್ಸೋದು ನಿಮ್ಮ ಭ್ರಮೆ ಅಲ್ಲ. ವಾಲ್ಯೂಮ್ ಕಡಿಮೆಯಾದ ಹಾಗೆ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತೆ ಅಂತ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ರು. ಈಗ ಪಾಸಿಟಿವ್ ಗ್ರಿಡ್‌ನ 'ಸ್ಪಾರ್ಕ್' ಥರದವು ಫೋನ್ ಆ್ಯಪ್ ಜೊತೆ ಬರ್ತವೆ.

ಸರಿ, ಇದೆಲ್ಲ ಇಟ್ಕೊಂಡು ಅಂಗಡಿಗೆ ಹೋಗೋಣ. ಮೂರು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ಎಲ್ಲಿ, ಎಷ್ಟು ಹೊತ್ತಿಗೆ ನುಡಿಸ್ತೀರಿ? ನಮ್ಮಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮಾಮೂಲಿ ಮಾತುಕತೆಯೇ ಸುಮಾರು 60 ಇರುತ್ತೆ. ಕೆಲಸ ಮುಗಿಸಿ ರಾತ್ರಿ ನುಡಿಸೋರಾದ್ರೆ ಹೆಡ್‌ಫೋನ್ ಜಾಕ್ ಇಲ್ಲದ ಆಂಪ್ ಮುಟ್ಟಲೇಬೇಡಿ. ವೈರ್ ಇರೋ ಹೆಡ್‌ಫೋನೇ ಬಳಸಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ತಂತಿ ಮೀಟಿ ಸ್ವಲ್ಪ ಹೊತ್ತಾದ ಮೇಲೆ ಶಬ್ದ ಬರುತ್ತೆ, ತಾಳ ತಪ್ಪುತ್ತೆ. ಫೋನ್‌ನಿಂದ ಹಾಡು ಹಾಕ್ಕೊಂಡು ಜೊತೆಗೆ ನುಡಿಸೋಕೆ ಆಂಪ್‌ನಲ್ಲಿ ಬ್ಲೂಟೂತ್ ಇದ್ರೆ ಒಳ್ಳೇದೇ.

ಎರಡು, ಯಾರ ಜೊತೆ? ಅಕೂಸ್ಟಿಕ್ ಗಿಟಾರ್, ಕಹೋನ್, ಒಬ್ಬ ಹಾಡುಗಾರ ಇರೋ ಜಾಮ್‌ಗೆ 5ರಿಂದ 10 ವ್ಯಾಟ್, 5 ಇಂಚಿಗಿಂತ ಚಿಕ್ಕದಲ್ಲದ ಸ್ಪೀಕರ್ ಸಾಕು. 3 ಇಂಚಿನ ಸ್ಪೀಕರ್‌ಗೆ ಎಷ್ಟೇ ವ್ಯಾಟ್ ಕೊಟ್ರೂ ದಪ್ಪ ತಂತಿಗಳ ನಾದವನ್ನ ಅದು ಹೊರಲ್ಲ. ಮೈಕ್ ಬೇಕಾದ್ರೆ ಎರಡು ಚಾನೆಲ್ ಇರೋದು ನೋಡಿ. ಪೂರ್ತಿ ಡ್ರಮ್ ಕಿಟ್ ಇದ್ರೆ ಮಾತ್ರ ಚಿಕ್ಕ ಆಂಪ್ ಸೋಲುತ್ತೆ, ಅದನ್ನ ಮುಚ್ಚಿಡಲ್ಲ. ಆದ್ರೆ ಡ್ರಮ್ ಇರೋ ಜಾಮ್ ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡ ಆಂಪ್ ಇದ್ದೇ ಇರುತ್ತೆ, ವಿಚಾರಿಸಿ. ತಿಂಗಳಿಗೆ ಎರಡು ಗಂಟೆಯ ಬಾಡಿಗೆ ಜಾಗಕ್ಕೋಸ್ಕರ ದಿನಾ ಮನೇಲಿರೋ ಆಂಪ್ ಆರಿಸಬೇಡಿ.

ಮೂರು, ಕರೆಂಟ್ ಎಲ್ಲಿಂದ? ಟೆರೇಸ್, ಪಾರ್ಕ್, ಲೋಡ್ ಶೆಡ್ಡಿಂಗ್ ಇರೋ ಊರು ಅಂದ್ರೆ ಬ್ಯಾಟರಿ ಬೇಕು. ರೀಚಾರ್ಜ್ ಆಗೋ ಬ್ಯಾಟರಿ ಇದ್ರೆ ಖರ್ಚು ಕಡಿಮೆ, ಆದ್ರೆ ಅದು ಹಾಳಾದ್ಮೇಲೆ ಬದಲಿಸೋಕಾಗುತ್ತಾ ಅಂತ ಕೇಳಿ. ಸೆಲ್ ಹಾಕೋದಾದ್ರೆ ಯಾವ ಕಿರಾಣಿ ಅಂಗಡೀಲೂ ಸಿಗುತ್ತೆ. ಅಮೆರಿಕದಿಂದ ಯಾರಾದ್ರೂ ತಂದು ಕೊಡ್ತಾರೆ ಅಂದ್ರೆ ಹುಷಾರು. ಅಲ್ಲಿಯದು 120 ವೋಲ್ಟ್, ನಮ್ಮದು 230. ಆಂಪ್ ಅಥವಾ ಅಡಾಪ್ಟರ್ ಮೇಲೆ ಬರೆದಿರೋದನ್ನ ಓದದೆ ಪ್ಲಗ್ ಹಾಕಿದ್ರೆ ಸುಟ್ಟು ಹೋಗಬಹುದು.

ಕೊಳ್ಳೋ ದಿನ ನಿಮ್ಮ ಗಿಟಾರನ್ನೇ ಅಂಗಡಿಗೆ ತಗೊಂಡು ಹೋಗಿ. ವಾಲ್ಯೂಮ್ ಕಾಲು ಭಾಗಕ್ಕಿಟ್ಟು ಹತ್ತು ನಿಮಿಷ ನುಡಿಸಿ, ಯಾಕಂದ್ರೆ ಮನೇಲಿ ನೀವು ಕೇಳೋದು ಅಷ್ಟೇ. ಆ ವಾಲ್ಯೂಮ್‌ನಲ್ಲಿ ಖುಷಿ ಕೊಟ್ಟರೆ ತಗೊಳ್ಳಿ. "ಪ್ರೊಫೆಷನಲ್ ಅಲ್ಲ ಸರ್ ಇದು" ಅಂತ ಯಾರಾದ್ರೂ ಅಂದ್ರೆ 'ಲೈಲಾ' ಕೇಳ್ಸಿ.

ನಿಮ್ಮ ಆಂಪ್ ಯಾವುದು, ಎಲ್ಲಿ ನುಡಿಸ್ತೀರಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಕೊಠಡಿಯ ಫ್ಯಾನ್ ಸದ್ದು, ಹೊರಗಿನ ಆಟೋ ಸದ್ದು ಇದ್ರೂ ಪರವಾಗಿಲ್ಲ, ಎಡಿಟ್ ಮಾಡಬೇಡಿ. ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.