ಊರ ಕಾವಲಿನ ಋಣ

ಬೆಂಗಳೂರಿನ ಉತ್ತರಕ್ಕೆ, ಈಗ ಮೇಲ್ಸೇತುವೆಗಳ ನೆರಳಿನಲ್ಲಿ ಹಗಲಿರುಳೂ ವಾಹನಗಳ ಸದ್ದಿನಿಂದ ತುಂಬಿರುವ ಹೆಬ್ಬಾಳದಲ್ಲಿ, 2018ರಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಅರಸನಾದ ಶ್ರೀಪುರುಷನ ಕಾಲದ್ದೆಂದೂ ಸುಮಾರು ಕ್ರಿ. ಶ. 750ರ ಆಸುಪಾಸಿನದೆಂದೂ ವಿದ್ವಾಂಸರು ನಿರ್ಣಯಿಸಿರುವ ಆ ಕಲ್ಲಿನಲ್ಲಿ, ಪೆರ್ಬೊಳಲನಾಡು ಮೂವತ್ತು ಎಂಬ ಸೀಮೆಯ ಮೇಲೆ ರಟ್ಟವಾಡಿಯವರು ಎತ್ತಿ ಬಂದಾಗ ಅವರನ್ನು ಇದಿರಿಸಿ ಮಡಿದ ಕಿತ್ತಯ್ಯನೆಂಬುವನ ಹೆಸರು ಕೆತ್ತಲ್ಪಟ್ಟಿದೆ. ಪೆರ್ಬೊಳಲೇ ಇಂದಿನ ಹೆಬ್ಬಾಳ. ಕಿತ್ತಯ್ಯನು ಅರಸನಲ್ಲ, ದಂಡನಾಯಕನೂ ಅಲ್ಲ. ತನ್ನ ನೆಲಕ್ಕೆ ಅಪಾಯ ಬಂದಾಗ ಮುಂದೆ ನಿಂತವನು. ಅವನ ಹೆಸರನ್ನು ಕಲ್ಲಿನಲ್ಲಿ ಬರೆಯಿಸಬೇಕೆಂದು ಆ ನಾಡಿನವರಿಗೆ ತೋರಿತಲ್ಲ, ಆ ಭಾವನೆಯಿಂದಲೇ ನಮ್ಮ ಊರುಗಳ ಕಾವಲಿನ ಇತಿಹಾಸವು ಆರಂಭವಾಗುತ್ತದೆಂದು ನನ್ನ ಎಣಿಕೆ.

ವೀರಗಲ್ಲುಗಳೆಂದರೆ ರಣರಂಗದ ಸ್ಮಾರಕಗಳೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಆದರೆ ಕನ್ನಡನಾಡಿನ ಸಾವಿರಾರು ವೀರಗಲ್ಲುಗಳನ್ನು ಓದುತ್ತ ಹೋದರೆ ರಾಜ್ಯ ರಾಜ್ಯಗಳ ಯುದ್ಧಕ್ಕಿಂತ ಊರಿನ ಸಂಕಟವೇ ಹೆಚ್ಚಾಗಿ ಕಾಣಿಸುತ್ತದೆ. ತುರುಗೊಳ್, ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವು, ಎಂದರೆ ಊರನ್ನು ಸುಲಿದು ಹಾಳುಗೆಡಹುವುದು. ಪೆಣ್ಬುಯ್ಯಲ್, ಎಂದರೆ ಹೆಣ್ಣುಮಕ್ಕಳ ಮಾನಕ್ಕೆ ಕೈಯಿಕ್ಕುವುದು: ಇಂದು ಯಾವ ಠಾಣೆಯ ದೂರುಪುಸ್ತಕವನ್ನು ತೆರೆದರೂ ಹೆಸರು ಬೇರೆಯಾಗಿ ಇವೇ ಕಾಣುವುವು. ಹೀಗೆ ಮಡಿದವನ ಮನೆಯವರಿಗೆ ಊರು ಭೂಮಿಯನ್ನು ಕೊಡುತ್ತಿತ್ತು. ಆ ದತ್ತಿಗೆ ನೆತ್ತರುಕೊಡಗೆ ಎಂಬ ಹೆಸರು. ಸುರಿಸಿದ ರಕ್ತಕ್ಕೆ ಬದಲಾಗಿ ಉಳುವ ನೆಲ. ಮಡಿದವನ ಮಕ್ಕಳು ಉಪವಾಸ ಬೀಳಕೂಡದೆಂಬ ಎಚ್ಚರ. ಕಾಯುವವನಿಗೂ ಕಾಯಲ್ಪಡುವ ಊರಿಗೂ ನಡುವೆ ಒಂದು ಋಣವುಂಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪದವನ್ನು ನಾನು ಬೇರೆ ಕಂಡಿಲ್ಲ.

ಆ ಋಣವು ಮುಂದೆ ಆಯಗಾರರ ಪದ್ಧತಿಯಲ್ಲಿ ನಿತ್ಯದ ಏರ್ಪಾಡಾಗಿ ನೆಲೆನಿಂತಿತು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ನೀರಗಂಟಿ ಮೊದಲಾದವರೊಡನೆ ತಳವಾರನೂ ತೋಟಿಯೂ ಊರಿನ ಹನ್ನೆರಡು ಆಯಗಾರರಲ್ಲಿ ಸೇರಿದವರು. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ, ಕಂಪನಿ ಸರಕಾರವನ್ನು ಕುರಿತ ಐದನೆಯ ವರದಿಯು ದಕ್ಷಿಣದ ಗ್ರಾಮಗಳನ್ನು ವರ್ಣಿಸುತ್ತ ಇವರಿಬ್ಬರ ಕರ್ತವ್ಯಗಳನ್ನು ಬೇರೆಬೇರೆಯಾಗಿ ಹೇಳುತ್ತದೆ: ತಳವಾರನ ಕಾರ್ಯಕ್ಷೇತ್ರ ವಿಶಾಲವಾದುದು; ಅಪರಾಧಗಳ ಸುಳಿವನ್ನು ಸಂಗ್ರಹಿಸುವುದು, ಊರಿಂದೂರಿಗೆ ಹೋಗುವ ಪ್ರಯಾಣಿಕರಿಗೆ ಬೆಂಗಾವಲಾಗಿ ನಡೆಯುವುದು ಅವನ ಪಾಲು. ತೋಟಿಯ ಕೆಲಸ ಊರಿನ ಎಲ್ಲೆಯೊಳಗಿನದು. ಬೆಳೆಯನ್ನು ಕಾಯುವುದು, ಅಳೆಯುವಾಗ ನೆರವಾಗುವುದು. ಇವರಿಗೆ ತಿಂಗಳ ಸಂಬಳವಿರಲಿಲ್ಲ. ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿಯಿಂದ ಬರುವ ಆಯವೂ ಒಂದಿಷ್ಟು ಇನಾಮಿನ ನೆಲವೂ ಅವರ ಜೀವನ. ತಾನು ಕಾಯ್ದ ಹೊಲದ ಧಾನ್ಯವೇ ತನ್ನ ಮನೆಯ ಒಲೆಗೆ ಬರುತ್ತಿದ್ದುದರಿಂದ, ಊರಿನ ಕ್ಷೇಮ ತನ್ನ ಕ್ಷೇಮದಿಂದ ಬೇರೆಯೆಂದು ಭಾವಿಸಲು ಆ ಕಾವಲುಗಾರನಿಗೆ ಎಡೆಯೇ ಇರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಊರಿನಲ್ಲಿ ಕಳವಾದರೆ ಕಳ್ಳನನ್ನು ಹಿಡಿದುಕೊಡಬೇಕು, ಇಲ್ಲವೇ ಕಳೆದುಹೋದುದನ್ನು ಕಾವಲಿನವರೇ ತುಂಬಿಕೊಡಬೇಕು ಎಂಬ ಕಟ್ಟಳೆ ದಕ್ಷಿಣದ ಅನೇಕ ಸೀಮೆಗಳಲ್ಲಿ ಬಹುಕಾಲ ನಡೆದುಬಂದಿತು. ಕಳ್ಳರ ಹೆಜ್ಜೆಯ ಜಾಡನ್ನು ಹಿಡಿದು ಹೊರಟ ಕಾವಲಿನವನು ಅದು ತನ್ನ ಎಲ್ಲೆಯನ್ನು ದಾಟಿದೆಯೆಂದು ತೋರಿಸಿಕೊಟ್ಟರೆ ಹೊಣೆ ಮುಂದಿನ ಊರಿಗೆ ಹೋಗುತ್ತಿತ್ತು. ಅಲ್ಲಿಯ ಕಾವಲಿನವನು ಅದೇ ಜಾಡನ್ನು ಮುಂದಕ್ಕೆ ಹಿಡಿಯಬೇಕು. ಆದುದರಿಂದ ಊರ ಎಲ್ಲೆ ಎಲ್ಲಿದೆಯೆಂಬುದು ಕಂದಾಯದ ಪ್ರಶ್ನೆಯಷ್ಟೇ ಆಗಿರದೆ ಕಾವಲಿನ ಪ್ರಶ್ನೆಯೂ ಆಗಿತ್ತು. ಎಲ್ಲೆಯ ವಿವಾದ ಹುಟ್ಟಿದಾಗ ಪ್ರಮಾಣಪುರುಷನಾಗಿದ್ದವನು ಊರ ಚಾಕರಿಯ ಕುಳವಾಡಿ. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ ಎಂಬುವನು 1873ರಲ್ಲಿ ಬರೆದಿರುವಂತೆ, ಕುಳವಾಡಿಯು ಊರ ಮಣ್ಣಿನ ಉಂಡೆಯೊಂದನ್ನು ತಲೆಯ ಮೇಲಿರಿಸಿಕೊಂಡು ಎಲ್ಲೆಯ ಗುಂಟ ನಡೆಯುವನು. ತಪ್ಪಿ ಪಕ್ಕದ ಊರಿನ ನೆಲವನ್ನು ತುಳಿದರೆ ಆ ಉಂಡೆ ತಾನಾಗಿಯೇ ಒಡೆಯುವುದೆಂದೂ, ಹದಿನೈದು ದಿನಗಳಲ್ಲಿ ಅವನು ಸಾಯುವನೆಂದೂ ಜನರ ನಂಬಿಕೆ. ಎಲ್ಲೆಯನ್ನು ಪ್ರಾಣದ ಮೇಲಣ ಆಣೆಯಾಗಿ ತಲೆಯ ಮೇಲೆ ಹೊತ್ತು ನಡೆದ ಆ ಮನುಷ್ಯನಿಗೆ ಊರಿನೊಳಗೆ ಮನೆ ಕಟ್ಟಿಕೊಳ್ಳುವ ಹಕ್ಕಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು.

ಏಕೆಂದರೆ ಹಿಂದಿನದೆಲ್ಲ ಚೆನ್ನಾಗಿತ್ತೆಂದು ಬರೆಯುವುದು ಇತಿಹಾಸವಾಗಲಾರದು. ಕುಳವಾಡಿಯೂ ತೋಟಿಯೂ ಅಸ್ಪೃಶ್ಯರೆನಿಸಿದ ಕುಲಗಳವರು. ಊರನ್ನು ರಾತ್ರಿಯೆಲ್ಲ ಕಾಯ್ದವನು ಹಗಲಿನಲ್ಲಿ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ತಂದೆಯ ಕೋಲು ಮಗನ ಕೈಗೆ ಬರುತ್ತಿದ್ದುದು ಗೌರವದಿಂದಲ್ಲ, ಬಿಡಿಸಿಕೊಳ್ಳಲಾಗದ ಬಂಧನದಿಂದ. ಸರಕಾರದ ಕೈಗೆ ಕಾವಲು ಬಂದ ಮೇಲೆಯೂ ಅನ್ಯಾಯ ನಿಲ್ಲಲಿಲ್ಲ; ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿದ 1871ರ ಕಾನೂನಿನ ಜಾಡಿನಲ್ಲಿ ಆಮೇಲೆ ಬಂದ ಕಾನೂನುಗಳು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮುಳ್ಳುತಂತಿಯ ವಸತಿಗಳನ್ನೇ ಕಟ್ಟಿಸಿದುವು. 1952ರಲ್ಲಿ ಆ ಬಗೆಯ ಕಾನೂನು ರದ್ದಾಯಿತು; ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. ಯಾರನ್ನು ಕಾಯಬೇಕು, ಯಾರಿಂದ ಕಾಯಬೇಕು ಎಂಬ ಪ್ರಶ್ನೆಯನ್ನು ಜಾತಿಯಿಂದ ಬಿಡಿಸಲು ಹೊರಟಾಗಲೆಲ್ಲ ಬೇಲಿಯೇ ಎದ್ದು ಹೊಲ ಮೇಯ್ದಂತಾಗಿದೆ.

ಬೆಂಗಳೂರಿನ ಪೇಟೆಗೆ ಕಾವಲು ಬೇರೆ ಬಗೆಯದಾಗಿತ್ತು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಮಣ್ಣಿನ ಕೋಟೆ, ಅದರ ಹೊರಗೆ ಕಂದಕ, ಮುಳ್ಳಿನ ಬೇಲಿ. ಹಲಸೂರು, ಯಲಹಂಕ, ಆನೇಕಲ್ಲು ಮೊದಲಾದ ಊರುಗಳ ದಿಕ್ಕಿಗೆ ತೆರೆದ ಬಾಗಿಲುಗಳು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಆ ಬಾಗಿಲು ಎಂದೋ ನೆಲಸಮವಾಯಿತು. ಕೋಟೆಯಿಲ್ಲ, ಕಂದಕವಿಲ್ಲ, ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಎಂಬ ಫಲಕ ಇಂದಿಗೂ ಇದೆ. ಬಾಗಿಲು ಮಾಡುತ್ತಿದ್ದ ಕೆಲಸವು ಠಾಣೆಗೆ ಬಂದಿತೆಂಬುದಕ್ಕೆ ಇದಕ್ಕಿಂತ ಬೇರೆ ಶಾಸನ ಬೇಕಾಗಿಲ್ಲ.

ಪೇಟೆಯ ಹೊರಗೆ, ಗೋಡೆಯೂ ಇಲ್ಲದ ಬಾಗಿಲೂ ಇಲ್ಲದ ಬಯಲಿನಲ್ಲಿ ಮಲ್ಲೇಶ್ವರ ಬಡಾವಣೆ ಹುಟ್ಟಿತು. ಶಿವಾಜಿಯ ಮಲಸಹೋದರನಾದ ಏಕೋಜಿಯು 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟ ಮಲ್ಲಿಕಾರ್ಜುನನ ಗುಡಿಯಲ್ಲದೆ ಅಲ್ಲಿ ಇದ್ದುದು ಕಾಡು. ಕಾಡುಮಲ್ಲೇಶ್ವರನೆಂಬ ದೇವರ ಹೆಸರಿನಲ್ಲಿಯೇ ಆ ಕಾಡು ಇನ್ನೂ ಉಳಿದಿದೆ. 19ನೆಯ ಶತಮಾನದ ಕೊನೆಯ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಇಲ್ಲಿಯೂ ಬಸವನಗುಡಿಯಲ್ಲಿಯೂ ಬಡಾವಣೆಗಳಿಗೆ ರೇಖೆ ಎಳೆದರು. 1898ರ ಆಗಸ್ಟಿನಲ್ಲಿ ಪೇಟೆಗೆ ಬಂದ ಪ್ಲೇಗು ಅವುಗಳನ್ನು ಜನರಿಂದ ತುಂಬಿಸಿತು. ನೇರವಾದ ರಸ್ತೆಗಳು, ಅಡ್ಡರಸ್ತೆಗಳು, ಮನೆಯ ಸುತ್ತ ತೋಟ, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಬಿಟ್ಟ ಗಲ್ಲಿ: ಗಾಳಿ ಬೆಳಕಿಗಾಗಿ ಮಾಡಿದ ಈ ಏರ್ಪಾಡು ಆರೋಗ್ಯಕ್ಕೆ ಹಿತವಾಯಿತು, ಕಾವಲಿಗೆ ಕಷ್ಟವಾಯಿತು. ಪೇಟೆಯಲ್ಲಿ ಜಗಲಿಗೆ ಜಗಲಿ ತಾಕಿ, ಒಂದು ಮನೆಯ ಕೆಮ್ಮು ಇನ್ನೊಂದು ಮನೆಗೆ ಕೇಳಿಸುತ್ತಿದ್ದಲ್ಲಿ ಅಪರಿಚಿತನು ಹತ್ತು ಕಣ್ಣುಗಳನ್ನು ದಾಟಿ ಬರಬೇಕಾಗಿತ್ತು. ಇಲ್ಲಿಯಾದರೋ ಮನೆಗೂ ಮನೆಗೂ ನಡುವೆ ಮಾವಿನ ಮರ, ಹಿಂದೆ ಯಾರೂ ನೋಡದ ಗಲ್ಲಿ, ಬೇರೆಬೇರೆ ಊರುಗಳಿಂದ ಬಂದು ಒಬ್ಬರನ್ನೊಬ್ಬರು ಅರಿಯದ ಜನ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಮೊದಲು ಬೆಳಗಿಸಿದ್ದು 1905ರ ಆಗಸ್ಟ್ 5ರಂದು. ಅಲ್ಲಿಯವರೆಗೆ ಇರುಳೆಂದರೆ ಇರುಳೇ.

ಆಯಗಾರರ ಪದ್ಧತಿಯನ್ನು ಬಡಾವಣೆಗೆ ತರುವಂತಿರಲಿಲ್ಲ. ಕಣವೇ ಇಲ್ಲದಲ್ಲಿ ಆಯವೆಲ್ಲಿಯದು? ಕಾವಲು ಸಂಬಳದ ಪೊಲೀಸಿನವರ ಕೈಗೆ ಬಂದಿತು. 1902-03ರಲ್ಲಿ ಬ್ರಿಟಿಷ್ ಇಂಡಿಯಾದ ಪೊಲೀಸು ವ್ಯವಸ್ಥೆಯನ್ನು ವಿಚಾರಿಸಿದ ಫ್ರೇಜರ್ ಆಯೋಗವು ಅದು ದಕ್ಷತೆಯಿಂದ ಬಹುದೂರವಿದೆಯೆಂದೂ, ಜನರ ವಿಶ್ವಾಸ ಅದಕ್ಕಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆಯಿತು. ಗ್ರಾಮದ ಹಳೆಯ ಕಾವಲನ್ನು ಕೈಬಿಡದೆ ಬಳಸಿಕೊಳ್ಳಬೇಕೆಂದು ಒತ್ತಿ ಹೇಳಿತು. ಆ ವಿಶ್ವಾಸವನ್ನು ಬಡಾವಣೆಗಳಲ್ಲಿ ಕಟ್ಟಿದ್ದು ಯಾವ ಆಯೋಗವೂ ಅಲ್ಲ, ಕಾಲುನಡಿಗೆಯ ಗಸ್ತು.

ನಾನು ಹುಡುಗನಾಗಿದ್ದಾಗ ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯ ಮೂಲೆಮನೆಯ ಗೇಟಿನ ಒಳಬದಿಗೆ ಮೊಳೆ ಹೊಡೆದು, ದಾರಕ್ಕೆ ಕಟ್ಟಿದ ಒಂದು ಸಣ್ಣ ಪುಸ್ತಕವನ್ನು ತೂಗುಹಾಕಿದ್ದರು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಸೈಕಲ್ಲಿನ ಸದ್ದು, ಗೇಟಿನ ಚಿಲಕದ ಸದ್ದು, ಒಂದು ಗಳಿಗೆ ಟಾರ್ಚಿನ ಬೆಳಕು. ಬೆಳಗ್ಗೆ ನೋಡಿದರೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದ ವೇಳೆ ಮತ್ತು ರುಜು. ಮಳೆಗಾಲದಲ್ಲಿ ಆ ಹಾಳೆಗಳು ಉಬ್ಬಿಕೊಂಡು, ರುಜುವಿನ ಪಕ್ಕದಲ್ಲಿ ಒದ್ದೆ ಹೆಬ್ಬೆರಳಿನ ಗುರುತು ಮೂಡಿರುತ್ತಿತ್ತು. ಒಮ್ಮೆ ನಾವು ಹದಿನೈದು ದಿನ ಊರಿಗೆ ಹೊರಟಾಗ ನಮ್ಮ ತಂದೆಯವರು ಠಾಣೆಗೆ ಹೋಗಿ ಚೀಟಿ ಬರೆದುಕೊಟ್ಟು ಬಂದರು. ಅದೇ ಸಂಜೆ ಗಸ್ತಿನವರು ಮನೆಗೆ ಬಂದು, "ರಾಯರೇ, ಹಾಲಿನವನಿಗೂ ಪೇಪರಿನವನಿಗೂ ಬೇಡ ಅಂತ ಹೇಳಿದೀರಾ?" ಎಂದು ಕೇಳಿದರು. ತಾಯಿಯವರ ಕಡೆಗೆ ತಿರುಗಿ, "ಅಮ್ಮಾ, ಪಕ್ಕದ ಮನೆಯವರಿಗೆ ಹೇಳಿ, ದಿನಾ ಬೆಳಗ್ಗೆ ನಿಮ್ಮ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಡ್ಲಿ. ಕಳ್ಳ ಮೊದಲು ನೋಡೋದು ರಂಗೋಲೀನೇ" ಎಂದರು. ಬಡಾವಣೆಯ ಕಾವಲಿನ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿತ್ತು. ಬೀದಿಯ ಬೆಳಗು ಹೇಗಿರುತ್ತದೆಂದು ಬಲ್ಲವನಿಗೆ ಮಾತ್ರ ಅದರಲ್ಲಿ ಏನು ಕೊರೆಯಾಯಿತೆಂದು ತಿಳಿಯುತ್ತದೆ. ಹೆಜ್ಜೆಯ ಜಾಡನ್ನು ಓದುತ್ತಿದ್ದ ತಳವಾರನ ವಿದ್ಯೆಯೇ ಖಾಕಿಯ ಉಡುಪಿನಲ್ಲಿ ನಮ್ಮ ಬಾಗಿಲಿಗೆ ಬಂದಿತ್ತು.

1963 ಈ ಕಥೆಯಲ್ಲಿ ನೆನಪಿಡತಕ್ಕ ವರ್ಷ. ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1961ರಲ್ಲಿ ಅಂಗೀಕೃತವಾಗಿ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಶತಮಾನಗಳ ವಂಶಪಾರಂಪರ್ಯದ ನೊಗದಿಂದ ತಳವಾರ ತೋಟಿಗಳನ್ನು ಬಿಡಿಸಿತು. ಅದೇ ವರ್ಷ ಬೆಂಗಳೂರು ನಗರಕ್ಕೆ ಪೊಲೀಸ್ ಕಮಿಷನರ ಆಡಳಿತವು ಬಂದಿತು. ಒಂದು ಯುಗದ ಕಾವಲು ಮುಗಿದು ಇನ್ನೊಂದು ಯುಗದ ಕಾವಲು ಆರಂಭವಾದುದು ಹೀಗೆ ಒಂದೇ ಕ್ಯಾಲೆಂಡರಿನಲ್ಲಿ. ಹಳೆಯದು ಹೋಗಲೇಬೇಕಾಗಿತ್ತು, ಹೋದುದು ನ್ಯಾಯವೇ ಆಯಿತು. ಆದರೆ ಬಂಧನದೊಂದಿಗೆ ಪರಿಚಯವೂ ಹೋಯಿತು, ಅದು ಹೋಗಬೇಕಾಗಿರಲಿಲ್ಲ.

ಆಮೇಲೆ ಊರು ಬೆಳೆದ ಪರಿಯನ್ನು ಎಲ್ಲರೂ ಬಲ್ಲರು. ಸೈಕಲ್ಲಿನ ಬದಲು ಹೊಯ್ಸಳ ಎಂಬ ಹೆಸರಿನ ಗಸ್ತಿನ ವಾಹನ ಬಂದಿತು. 112ಕ್ಕೆ ಕರೆ ಮಾಡಿದರೆ ಅದು ಬಾಗಿಲಿಗೆ ಬರುತ್ತದೆ. ಅದರಿಂದ ಉಳಿದ ಪ್ರಾಣಗಳಿವೆ, ಮಾನವಿದೆ. ಆದರೆ ಕರೆದಾಗ ಬರುವವರು ಬೇರೆ, ಕರೆಯದೆಯೇ ದಿನವೂ ಹಾದುಹೋಗುವವರು ಬೇರೆ. ಇದನ್ನು ಇಲಾಖೆಯೂ ಮನಗಂಡಿದೆಯೆಂದು ತೋರುತ್ತದೆ. ಪ್ರತಿಯೊಬ್ಬ ಪೇದೆಗೂ ನಿರ್ದಿಷ್ಟವಾದ ಪ್ರದೇಶವನ್ನು ಒಪ್ಪಿಸಿ, ಅಲ್ಲಿಯ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಸುಧಾರಿತ ಗಸ್ತು ವ್ಯವಸ್ಥೆಯನ್ನು 2017ರಲ್ಲಿ ರಾಜ್ಯದಲ್ಲಿ ತಂದರು. ಕಾಯುವವನ ಹೆಸರು ಬೀದಿಗೆ ತಿಳಿದಿರಬೇಕು, ಬೀದಿಯ ಹೊಣೆ ಅವನ ಹೆಸರಿನಲ್ಲಿರಬೇಕು ಎಂಬ ಹಳೆಯ ತತ್ತ್ವವೇ ಇದು, ಜಾತಿಯ ಕೊಳೆಯನ್ನು ತೊಳೆದುಕೊಂಡು ಮರಳಿ ಬಂದುದು. ಇಂತಹ ಪೇದೆಯನ್ನು ವರ್ಷ ತುಂಬುವ ಮೊದಲೇ ಬೇರೆ ಕೆಲಸಕ್ಕೆ ಎಳೆದರೆ ಆ ತತ್ತ್ವ ಕಾಗದದ ಮೇಲೆ ಉಳಿಯುತ್ತದೆ, ಬೀದಿಯಲ್ಲಿ ಉಳಿಯುವುದಿಲ್ಲ.

ಕಿತ್ತಯ್ಯನ ಹೆಸರು ಕಲ್ಲಿನಲ್ಲಿದ್ದುದರಿಂದ ಹನ್ನೆರಡು ನೂರು ವರ್ಷಗಳ ಮೇಲೆಯೂ ನಮಗೆ ದೊರೆಯಿತು. ನಮ್ಮ ಅಡ್ಡರಸ್ತೆಯ ಗಸ್ತಿನವರ ಹೆಸರು ಇದ್ದುದು ಒಂದು ಒದ್ದೆ ಪುಸ್ತಕದಲ್ಲಿ. ಅದು ಈಗ ಎಲ್ಲಿಯೂ ಇಲ್ಲ. ಬಡಾವಣೆಗಳ ಹಳೆಯ ಮನೆಗಳಲ್ಲಿ, ಅಟ್ಟದ ಮೇಲಣ ಪೆಟ್ಟಿಗೆಗಳಲ್ಲಿ ಅಂತಹ ಗಸ್ತಿನ ಪುಸ್ತಕಗಳು ಯಾರಲ್ಲಿಯಾದರೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಬೀದಿಯಲ್ಲಿ ನಿವೃತ್ತರಾದ ಪೇದೆಯೊಬ್ಬರಿದ್ದರೆ ಅವರ ಬಳಿ ಕುಳಿತು, ಅವರು ನಡೆದ ರಸ್ತೆಗಳ ಹೆಸರನ್ನೂ ಕಂಡ ರಾತ್ರಿಗಳನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಅವರಲ್ಲಿ ಬಹುಮಂದಿಗೆ ಈಗ ಎಂಬತ್ತು ದಾಟಿದೆ.