ಕಾಗದದ ರೂಪಾಯಿ, ಮಾರಕ ಜ್ವರ

1918ರಲ್ಲಿ ಮಳೆ ಕೈಕೊಟ್ಟಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು.

ಮೊದಲ ಮಹಾಯುದ್ಧದಿಂದಾಗಿ ಕಾಳುಕಡಿಯ ಬೆಲೆ ಏರಿತ್ತು, ಬೆಳ್ಳಿ ತುಟ್ಟಿಯಾಗಿತ್ತು. ಹಾಲಿ ಸಿಕ್ಕಾ ಬೆಳ್ಳಿ ರೂಪಾಯಿಯ ಕೊರತೆ ತುಂಬಲು ಸಂಸ್ಥಾನ ಅದೇ ವರ್ಷ ಮೊದಲ ಬಾರಿಗೆ 10 ಮತ್ತು 100 ರೂಪಾಯಿಯ ನೋಟು ಹೊರಡಿಸಿತು. ನಾಣ್ಯಕ್ಕೆ ಬೆಳ್ಳಿಯ ಬೆಲೆಯಾದರೂ ಇತ್ತು. ಕಾಗದಕ್ಕೆ ಸರ್ಕಾರದ ಮಾತೇ ಆಧಾರ.

ಜೂನ್ ತಿಂಗಳಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಸೆಪ್ಟೆಂಬರ್ ಹೊತ್ತಿಗೆ ಮಾರಕ ರೂಪ ತಾಳಿ ರೈಲುದಾರಿಗಳ ಗುಂಟ ಒಳನಾಡಿಗೆ ಹರಡಿತು. ಗದಗ–ಹೊಸಪೇಟೆ ರೈಲುದಾರಿ ಕೊಪ್ಪಳವನ್ನು ಹಾದೇ ಹೋಗುತ್ತಿತ್ತು. ಈ ಜ್ವರಕ್ಕೆ 20ರಿಂದ 40ರ ವಯಸ್ಸಿನ, ದುಡಿಯುವ ಜನರೇ ಹೆಚ್ಚಾಗಿ ಬಲಿಯಾದರು. ಅದು ಹಿಂಗಾರಿ ಬಿಳಿಜೋಳ ಬಿತ್ತುವ ಕಾಲ. ಬಿತ್ತುವವರೇ ಹಾಸಿಗೆ ಹಿಡಿದ ಮೇಲೆ ಬರ ಇಮ್ಮಡಿಯಾಯಿತು. ಹಸಿದ ಮೈಗೆ ಜ್ವರ ತಡೆಯುವ ಕಸುವು ಉಳಿಯಲಿಲ್ಲ.

1911ರಲ್ಲಿ ಸುಮಾರು 1.33 ಕೋಟಿಯಿದ್ದ ಸಂಸ್ಥಾನದ ಜನಸಂಖ್ಯೆ 1921ರಲ್ಲಿ 1.24 ಕೋಟಿಗೆ ಇಳಿಯಿತು. ಆ ಇಳಿಕೆಯಲ್ಲಿ ಪ್ಲೇಗು, ಬರ, ಫ್ಲೂ ಮೂರರ ಪಾಲೂ ಇದೆ. ಯಾವುದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬದುಕುಳಿದವರಿಗೆ ಅವು ಬೇರೆ ಬೇರೆಯಾಗಿರಲೂ ಇಲ್ಲ.