ಅಂಗಳದಿಂದ ಡೆಕ್‌ವರೆಗೆ: ಕೊಳೆಯದ ಹಲಗೆಯ ಇತಿಹಾಸ

ಲಿವರ್‌ಮೋರ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಪಾಲಿಗೆ ಹಿತ್ತಿಲಿನ ಡೆಕ್ ಎಂಬುದು ಊರಿನ ಜಗಲಿ ಮತ್ತು ಅಂಗಳಗಳೆರಡರ ಸ್ಥಾನವನ್ನೂ ತುಂಬಿದೆ. ನಾಮಕರಣದ ಊಟ, ಊರಿನಿಂದ ಬಂದ ಹಿರಿಯರ ಸಂಜೆಯ ಕಾಫಿ, ಬೇಸಿಗೆಯ ಹಪ್ಪಳ ಸಂಡಿಗೆ, ಎಲ್ಲಕ್ಕೂ ಅದೇ ಜಾಗ. ಈಚಿನ ವರ್ಷಗಳಲ್ಲಿ ಅನೇಕರು ಮರದ ಹಲಗೆಯನ್ನು ತೆಗೆಸಿ ಕಾಂಪೊಸಿಟ್ ಹಲಗೆ ಹಾಕಿಸಿದ್ದಾರೆ. ಇದಕ್ಕೆ ಆರೈಕೆಯೇ ಬೇಡವಂತೆ ಎಂಬ ಮಾತು ನಮ್ಮ ಕೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಹಲಗೆಯ ಇತಿಹಾಸವೇ ತಿಳಿಸುತ್ತದೆ.

ಆರೈಕೆ ಬೇಡದ ನೆಲವೆಂಬ ಕಲ್ಪನೆ ನಮ್ಮ ಹಿರಿಯರಿಗೆ ಇರಲಿಲ್ಲ. ಅಂಗಳವನ್ನು ಸೆಗಣಿಯಿಂದ ಸಾರಿಸಿ ರಂಗೋಲಿ ಇಡುವುದು ಮನೆಯ ವಾಡಿಕೆಯಾಗಿತ್ತು. ಮಳೆಗಾಲ ಕಳೆದ ಮೇಲೆ ಮಲೆನಾಡಿನಲ್ಲಿ ಅಂಗಳವನ್ನು ಕೆತ್ತಿ, ಬಡಿದು, ಹೊಸದಾಗಿ ಸಮ ಮಾಡುತ್ತಿದ್ದರು. ಮರದ ಕಂಬಕ್ಕೆ ನೆಲದ ತೇವ ತಾಗದಂತೆ ಅಡಿಗಲ್ಲು ಇರಿಸುತ್ತಿದ್ದರು. ಕರಾವಳಿಯಲ್ಲಿ ಗೆದ್ದಲಿನಿಂದ ಮರವನ್ನು ಕಾಪಾಡಲು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿಯಿತ್ತು. ಮರಕ್ಕೆ ಶತ್ರು ಬಿಸಿಲಿಗಿಂತ ನಿಂತ ನೀರು ಎಂಬ ಅರಿವು ಈ ಎಲ್ಲ ಕ್ರಮಗಳ ಹಿಂದೆ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ ಇದೇ ಅರಿವು ಜನರನ್ನು ರೆಡ್‌ವುಡ್ ಮರದ ಕಡೆಗೆ ಕೊಂಡೊಯ್ದಿತು. ಅದರ ಕೆಚ್ಚು ಸಹಜವಾಗಿಯೇ ಕೊಳೆಯುವಿಕೆಯನ್ನು ತಡೆಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಇಲ್ಲಿನ ಉದ್ಯಾನ ವಿನ್ಯಾಸಕಾರ ಥಾಮಸ್ ಚರ್ಚ್ ಮರದ ಡೆಕ್ಕನ್ನು ಮನೆಯ ಹೊರಕೋಣೆಯಾಗಿ ರೂಪಿಸಿದರು. 1948ರಲ್ಲಿ ಸೊನೋಮಾದಲ್ಲಿ ಸಿದ್ಧವಾದ ಡಾನೆಲ್ ಉದ್ಯಾನದ ರೆಡ್‌ವುಡ್ ಡೆಕ್ ಇದಕ್ಕೆ ಪ್ರಸಿದ್ಧ ನಿದರ್ಶನ.

ಎಲ್ಲರಿಗೂ ರೆಡ್‌ವುಡ್ ಎಟುಕುವಂತಿರಲಿಲ್ಲ. ಅಗ್ಗದ ಮರವನ್ನೂ ಬಾಳಿಕೆ ಬರುವಂತೆ ಮಾಡುವ ಉಪಾಯ ದೊರೆತದ್ದು ಭಾರತದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ಅಚ್ಚರಿಯ ಸಂಗತಿಯಾದೀತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಮಿಶ್ರಣವೊಂದನ್ನು ರೂಪಿಸಿದರು. ಒತ್ತಡದಿಂದ ಮರದೊಳಗೆ ಇಳಿಸಿದ ಈ ದ್ರಾವಣವನ್ನು ಶಿಲೀಂಧ್ರವಾಗಲಿ ಗೆದ್ದಲಾಗಲಿ ಸಹಿಸದು. ಮುಂದೆ ಅಮೆರಿಕದ ಅಸಂಖ್ಯ ಡೆಕ್ಕುಗಳೂ ಮಕ್ಕಳ ಆಟದ ಚೌಕಟ್ಟುಗಳೂ ಇಂತಹ ಮರದಿಂದಲೇ ನಿರ್ಮಾಣವಾದವು. ಆದರೆ ಮರದ ಮೇಲ್ಮೈಯಿಂದ ಆರ್ಸೆನಿಕ್ ಮಕ್ಕಳ ಕೈಗೆ ಅಂಟಿ ಬಾಯಿಗೆ ಸೇರುತ್ತದೆ ಎಂಬ ಆತಂಕ ಬಲಿಯಿತು. ಉತ್ಪಾದಕರು ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಂತೆ 2003ರ ಕೊನೆಗೆ ವಾಸದ ಮನೆಗಳ ಬಳಕೆಗಾಗಿ ಇಂತಹ ಮರದ ತಯಾರಿಕೆ ನಿಂತಿತು. ವೈದ್ಯರಾಗಿ ನಾವು ಹೇಳಬೇಕಾದ ಮಾತೊಂದಿದೆ. 2004ಕ್ಕಿಂತ ಹಿಂದಿನ ಡೆಕ್ ಇರುವ ಮನೆಯನ್ನು ಕೊಂಡವರು ಅದರ ಹಲಗೆಯನ್ನು ಉಜ್ಜಿ ಪುಡಿ ಎಬ್ಬಿಸಬಾರದು. ಒಡೆದ ತುಂಡುಗಳನ್ನು ಎಂದಿಗೂ ಸುಡಬಾರದು.

ಈ ನಡುವೆ ಕಾಂಪೊಸಿಟ್ ಹುಟ್ಟಿತ್ತು. ಮರದ ಹೊಟ್ಟನ್ನೂ ಬಳಸಿ ಬಿಸುಟ ಪ್ಲಾಸ್ಟಿಕನ್ನೂ ಬೆರೆಸಿ ಹಲಗೆ ಮಾಡುವ ಕ್ರಮವನ್ನು ರೋಜರ್ ವಿಟೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ರೂಪಿಸಿದರು. 1992ರಲ್ಲಿ ಅದನ್ನು ಮೊಬಿಲ್ ಕಂಪನಿ ಕೊಂಡಿತು. 1996ರಲ್ಲಿ ಅಲ್ಲಿನ ನಾಲ್ವರು ಅಧಿಕಾರಿಗಳು ಆ ವಿಭಾಗವನ್ನು ಖರೀದಿಸಿ ಟ್ರೆಕ್ಸ್ ಕಂಪನಿಯನ್ನು ಸ್ಥಾಪಿಸಿದರು. ಆದರೆ ಮೊದಲ ಪೀಳಿಗೆಯ ಹಲಗೆಗಳಲ್ಲಿ ಹೊಟ್ಟು ಹೊರಮೈಯಲ್ಲೇ ಇದ್ದುದರಿಂದ ಅದು ನೀರು ಕುಡಿಯುತ್ತಿತ್ತು. ಬೂಷ್ಟಿನ ಕಪ್ಪು ಚುಕ್ಕೆಗಳು ಮೂಡುತ್ತಿದ್ದವು. ಆ ಬಳಿಕ, 2010ರ ಆಸುಪಾಸಿನಲ್ಲಿ, ಹಲಗೆಗೆ ಪ್ಲಾಸ್ಟಿಕ್ ಹೊದಿಕೆ ಬಂದಿತು. ಇಂದು ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಈ ಬಗೆಯದು.

ಹೀಗೆ ಹಲಗೆಯೇನೋ ಕೊಳೆಯದಂತಾಯಿತು. ಆದರೆ ಅದನ್ನು ಹೊತ್ತಿರುವ ತೊಲೆಗಳು ಬಹುಪಾಲು ಮನೆಗಳಲ್ಲಿ ಇಂದಿಗೂ ಮರದವೇ. ಮರ ಕೊಳೆತರೆ ಏನಾಗಬಹುದೆಂಬುದಕ್ಕೆ ನಮ್ಮ ಕೊಲ್ಲಿ ಪ್ರದೇಶದಲ್ಲೇ ದಾರುಣ ಉದಾಹರಣೆಯಿದೆ. 2015ರ ಜೂನ್ 16ರಂದು ಬರ್ಕ್ಲಿಯ ಅಪಾರ್ಟ್‌ಮೆಂಟ್ ಒಂದರ ಬಾಲ್ಕನಿ ಮುರಿದುಬಿದ್ದು 6 ಮಂದಿ ವಿದ್ಯಾರ್ಥಿಗಳು ಸತ್ತರು, 7 ಮಂದಿ ಗಾಯಗೊಂಡರು. ಅವರಲ್ಲಿ ಹೆಚ್ಚಿನವರು ರಜೆಯ ಕೆಲಸಕ್ಕೆಂದು ಐರ್ಲೆಂಡಿನಿಂದ ಬಂದಿದ್ದ ತರುಣರು. ಒಳಗೆ ಸಿಲುಕಿದ ತೇವದಿಂದ ತೊಲೆಗಳು ಕೊಳೆತಿದ್ದವು. ಹೊರನೋಟಕ್ಕೆ ಅದು ಕಾಣುವಂತಿರಲಿಲ್ಲ. ಈ ದುರಂತದ ಫಲವಾಗಿ 2018 ಮತ್ತು 2019ರಲ್ಲಿ ರಾಜ್ಯವು ಎರಡು ಕಾಯಿದೆಗಳನ್ನು ಮಾಡಿತು. ಮೂರು ಅಥವಾ ಹೆಚ್ಚು ವಸತಿಗಳಿರುವ ಬಾಡಿಗೆ ಕಟ್ಟಡಗಳಲ್ಲಿ 6 ವರ್ಷಕ್ಕೊಮ್ಮೆ, ಕಾಂಡೋಗಳಲ್ಲಿ 9 ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯವಾಯಿತು. ಒಂಟಿ ಮನೆಗಳಿಗೆ ಈ ಕಾಯಿದೆಗಳು ಅನ್ವಯಿಸವು. ಅಲ್ಲಿ ತಪಾಸಣೆಯ ಹೊಣೆ ಮನೆಯವರದೇ.

ಇನ್ನೊಂದು ಅಪಾಯ ಬೆಂಕಿಯದು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಎಸ್‌ಸಿಯು ಕಾಳ್ಗಿಚ್ಚು ಲಿವರ್‌ಮೋರ್‌ನ ದಕ್ಷಿಣ ಹಾಗೂ ಪೂರ್ವದ ಬೆಟ್ಟಗಳನ್ನೂ ಒಳಗೊಂಡು ಸುಮಾರು 3,96,000 ಎಕರೆಗಳನ್ನು ಸುಟ್ಟಿತು. ಕಾಳ್ಗಿಚ್ಚಿನ ಕಿಡಿಗಳು ಗಾಳಿಯಲ್ಲಿ ಬಹುದೂರ ಹಾರುತ್ತವೆ. ಹಲಗೆಗಳ ಸಂದಿಯಲ್ಲೂ ಡೆಕ್ಕಿನ ಅಡಿಯಲ್ಲೂ ಕೂಡಿದ ಒಣ ಎಲೆ ಅವುಗಳಿಗೆ ಸಿದ್ಧ ಸೌದೆ.

ಆದ್ದರಿಂದ ಆರೈಕೆಗೆ ಹೊಸ ಪಂಚಾಂಗ ಬೇಕಿಲ್ಲ. ನಮ್ಮ ಹಬ್ಬಗಳೇ ಸಾಕು. ಯುಗಾದಿಯ ಹೊತ್ತಿಗೆ ಇಲ್ಲಿನ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಆಗ ಡೆಕ್ಕಿನ ಅಡಿಯನ್ನು ಪರೀಕ್ಷಿಸೋಣ. ರೋಗಿಯ ಮೈಯನ್ನು ಮುಟ್ಟಿ ನೋಡುವಂತೆ ತೊಲೆಗಳನ್ನೂ, ಗೋಡೆಗೆ ಡೆಕ್ಕನ್ನು ಜೋಡಿಸಿರುವ ಹಲಗೆಯನ್ನೂ ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಬೇಕು. ಮೊನೆ ಸುಲಭವಾಗಿ ಇಳಿದರೆ, ತುಕ್ಕು ಹಿಡಿದ ಬೋಲ್ಟ್ ಕಂಡರೆ, ಕಟಕಟೆ ಅಲುಗಿದರೆ, ಬಲ್ಲ ಕೆಲಸಗಾರರನ್ನು ಕರೆಸಬೇಕು. ಅಲ್ಲಿಯವರೆಗೆ ಜನ ಸೇರಬಾರದು.

ದೀಪಾವಳಿಯ ಹೊತ್ತು ಒಣಗಾಳಿಯ ಕಾಲ, ಮಳೆಯೂ ಹತ್ತಿರವಾಗುತ್ತಿರುತ್ತದೆ. ಆಗ ಸಂದಿಗಳಲ್ಲಿನ ಎಲೆ, ಧೂಳನ್ನು ತೆಗೆದರೆ ಕಿಡಿಗೂ ಎಡೆಯಿಲ್ಲ, ನೀರೂ ನಿಲ್ಲದು. ತೊಳೆಯಲು ಸೋಪು ನೀರು, ಮೃದುವಾದ ಬ್ರಶ್ ಸಾಕು. ಬರಗಾಲ ಕಂಡ ಈ ನಾಡಿನಲ್ಲಿ ಹೋಸ್ ಬಿಟ್ಟು ಬಕೆಟ್ ಹಿಡಿಯುವುದು ಲೇಸು. ಲೋಹದ ಬ್ರಶ್ ಹೊದಿಕೆಯನ್ನು ಗೀರುತ್ತದೆ. ಎಣ್ಣೆ, ಅರಿಸಿನ, ಕುಂಕುಮ ಚೆಲ್ಲಿದರೆ ಒಡನೆ ಒರೆಸಬೇಕು. ಪ್ಲಾಸ್ಟಿಕ್ ಬಿಸಿಗೆ ಕರಗುವುದರಿಂದ ಹಣತೆಗಳನ್ನು ತಟ್ಟೆಯಲ್ಲಿಟ್ಟು ಹಚ್ಚೋಣ. ಬ್ಲೀಚ್ ಜೊತೆಗೆ ವಿನೆಗರ್ ಅಥವಾ ಅಮೋನಿಯಾ ಇರುವ ದ್ರವವನ್ನು ಎಂದಿಗೂ ಬೆರೆಸಬಾರದು. ಅದರಿಂದೇಳುವ ಅನಿಲ ಶ್ವಾಸಕೋಶಕ್ಕೆ ವಿಷ. ಬೇಸಿಗೆಯಲ್ಲಿ ಇಲ್ಲಿನ ತಾಪ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಈ ಹಲಗೆ ಅಂಗಾಲು ಸುಡುವಷ್ಟು ಕಾಯುತ್ತದೆ. ಮಕ್ಕಳೂ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ ಹಿರಿಯರೂ ಬರಿಗಾಲಿನಲ್ಲಿ ಹೋಗದಂತೆ ನೋಡಿಕೊಳ್ಳಬೇಕು.

ಕೆಚ್ಚು, ಆರ್ಸೆನಿಕ್, ಪ್ಲಾಸ್ಟಿಕ್ ಇವು ಮೂರೂ ಆರೈಕೆಯ ಭಾರವನ್ನು ಹಗುರ ಮಾಡಿವೆ, ಇಲ್ಲವಾಗಿಸಿಲ್ಲ. ನಮ್ಮ ಅಜ್ಜಿಯರು ದಿನವೂ ಬಾಗಿ ಅಂಗಳ ಸಾರಿಸುತ್ತಿದ್ದರು. ನಾವು ವರ್ಷಕ್ಕೆರಡು ಬಾರಿ ಬಾಗಿ ಡೆಕ್ಕಿನ ಅಡಿಯನ್ನು ಇಣುಕಿದರೆ ಸಾಕು.